ಕೋಬಾಲ್ಟ್ ಕಳುವಾದ ವಾರ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಬೀದರ ನಗರದ ಠಾಣೆಗೆ ಇಬ್ಬರು ಬಂದರು. ಒಬ್ಬರು ವಿಶ್ವವಿದ್ಯಾಲಯದ ಪರಮಾಣು ವಿಜ್ಞಾನ ವಿಭಾಗದ ಮುಖ್ಯಸ್ಥ ಪ್ರೊಫೆಸರ್ ಅಬ್ದುಲ ಅಜೀಜ. ಇನ್ನೊಬ್ಬಳು ಅಲ್ಲಿನ ಪ್ರಯೋಗಾಲಯದ ಸುರಕ್ಷತೆ ನೋಡಿಕೊಳ್ಳುವ ಡಾ. ಶೀತಲ. ಇನ್‌ಸ್ಪೆಕ್ಟರ್ ಸಿದ್ದೇಶ್ವರಿ ಕುರ್ಚಿ ತೋರಿಸಿದರೂ ಶೀತಲ ಕೂಡಲಿಲ್ಲ.

“ಗಜಬ್ ಆಗ್ಯದ್ರಿ ಮೇಡಂ. ನಮ್ಮ ಲ್ಯಾಬಿನಾಗಿನ ಕೋಬಾಲ್ಟ್ ಸೋರ್ಸ್ ಕಳವಾಗ್ಯದ. ಶುಕ್ರವಾರ ಇತ್ತು, ಇವತ್ತ ನೋಡಿದ್ರ ಇಲ್ಲ,” ಅಂದರು ಪ್ರೊಫೆಸರ್.

“ಎಷ್ಟು ದೊಡ್ಡದು?”

“ಅಂಗಿ ಗುಂಡಿಯಷ್ಟರಿ. ಆದ್ರ ಕಿಸೆದಾಗ ಇಟ್ಕೊಂಡು ತಿರುಗಿದ್ರ ಮೈ ಸುಡ್ತದ. ಕಣ್ಣಿಗಿ ಅದರ ವಿಕಿರಣ ಕಾಣಂಗಿಲ್ಲ, ಮೂಗಿಗಿ ವಾಸನಿ ಬರಂಗಿಲ್ಲ.”

“ಅದನ್ನ ಇಡೂ ಕಪಾಟಿನ ಚಾವಿ ಯಾರ ಹತ್ರ ಇರ್ತದ?”

ಪ್ರೊಫೆಸರ್ ಪಕ್ಕಕ್ಕೆ ನೋಡಿದರು. “ನನ್ನ ಹತ್ರರಿ,” ಅಂದಳು ಶೀತಲ. “ಗುರುವಾರ ನನ್ನ ಇಂಟರ್‌ವ್ಯೂ ಅದ. ಇದು ಸಿಗಲಿಲ್ಲಂದ್ರ ನಾ ಮುಗಿದೆನ್ರಿ.”

ವಿಭಾಗಕ್ಕೆ ಎಷ್ಟೋ ವರ್ಷಗಳ ಮೇಲೆ ಒಂದೇ ಒಂದು ಕಾಯಂ ಹುದ್ದೆ ಬಂದಿತ್ತು, ಸಹಾಯಕ ಪ್ರಾಧ್ಯಾಪಕರದ್ದು. ಸ್ಥಳೀಯರ ಪೈಕಿ ಸಂದರ್ಶನದ ಕರೆ ಬಂದದ್ದು ಶೀತಲಳಿಗೊಬ್ಬಳಿಗೇ. ಸಿದ್ದೇಶ್ವರಿ ದೂರು ಬರೆಸಿಕೊಂಡು ಎಫ್‌ಐಆರ್ ದಾಖಲಿಸಿದಳು. ಮುಂಬೈಯ ಪರಮಾಣು ನಿಯಂತ್ರಣ ಕಚೇರಿಗೂ ಸುದ್ದಿ ಹೋಯಿತು.

ಅರ್ಧ ಗಂಟೆಯೊಳಗೆ ಡಿವೈಎಸ್ಪಿ ಕೈಲಾಶನ ಫೋನು. “ಚಾವಿ ಆಕಿ ಕೈಯಾಗ ಇತ್ತಂದ ಮ್ಯಾಲೆ ಇನ್ನೇನ್ ಹುಡುಕ್ತೀರಿ? ಆಕಿನ್ನೇ ಹಿಡಕೊಂಡು ಕೇಳ್ರಿ.” ಕೈಲಾಶ ಮತ್ತು ಸಿದ್ದೇಶ್ವರಿ ಒಂದೇ ದಿನ ತರಬೇತಿಗೆ ಸೇರಿದವರು. ಕವಾಯತಿನಲ್ಲಿ ಅವನ ಹೆಜ್ಜೆ ತಪ್ಪಿದಾಗಲೆಲ್ಲ ಆಕೆಯೇ ತಿದ್ದಿದ್ದಳು, ಈಗ ಆಕೆಯೇ ಅವನಿಗೆ ಸೆಲ್ಯೂಟ್ ಹೊಡೆಯಬೇಕು. ಫೋನನ್ನು ಆಕೆ ಕುಕ್ಕಿ ಇಟ್ಟಳು. ಈ ಹೊಟ್ಟೆಕಿಚ್ಚು ಆಕೆಗೆ ಹಳೆಯ ಬೇನೆ, ಔಷಧ ಇನ್ನೂ ಸಿಕ್ಕಿರಲಿಲ್ಲ.

ಮಧ್ಯಾಹ್ನ ಪ್ರಯೋಗಾಲಯದಲ್ಲಿ ಪಂಚನಾಮೆ ನಡೆಯಿತು. ಕಪಾಟಿನ ಬೀಗ ಮುರಿದಿರಲಿಲ್ಲ. ಕೋಬಾಲ್ಟ್ ಜೊತೆಗೆ ಅದನ್ನು ಇಡುವ ಸೀಸದ ಡಬ್ಬಿಯೂ, ಹಿಡಿಯುವ ಉದ್ದನೆಯ ಚಿಮಟವೂ ಹೋಗಿದ್ದವು. ಮೂಲೆಯಲ್ಲಿ ಪೇರಿಸಿಟ್ಟ ಸೀಸದ ಇಟ್ಟಿಗೆಗಳು ಮಾತ್ರ ಹಾಗೇ ಇದ್ದವು.

ಪೊಲೀಸರಿಗೆಲ್ಲ ತಾನಾಗೇ ಚಹಾ ತರಿಸಿ ಕೊಟ್ಟವನು ಅಶೋಕಕುಮಾರ. ಅತಿಥಿ ಉಪನ್ಯಾಸಕ. ವರ್ಷವರ್ಷ ಅರ್ಜಿ ಹಾಕಿ ಅದೇ ಕೆಲಸಕ್ಕೆ ಮತ್ತೆ ಸೇರುತ್ತ ತಲೆ ಅರ್ಧ ನರೆತವನು. ಪಿಎಚ್‌ಡಿ ಮುಗಿದಿರಲಿಲ್ಲವೆಂದು ಆ ಕಾಯಂ ಹುದ್ದೆಗೆ ಅವನು ಹಾಕಿದ ಅರ್ಜಿ ಮೊದಲ ಸುತ್ತಿನಲ್ಲೇ ಬಿದ್ದುಹೋಗಿತ್ತು. ಎಂ.ಎಸ್ಸಿ.ಯಲ್ಲಿ ಶೀತಲಳಿಗೆ ಪಾಠ ಹೇಳಿದವನೂ ಅವನೇ.

“ಶನಿವಾರ, ರವಿವಾರ ಎಲ್ಲಿದ್ರಿ?” ಸಿದ್ದೇಶ್ವರಿ ಅವನನ್ನು ಕೇಳಿದಳು.

“ಶನಿವಾರ ಇಲ್ಲೇ ಇದ್ದೆ. ರವಿವಾರ ನಮ್ಮೂರು ಡಾಬಕಾಕ್ಕ ಹೋಗಿದ್ದೆರಿ, ಅಣ್ಣನ ಹತ್ರ.”

“ಯಾರ ಮ್ಯಾಲರೆ ಸಂಶಯ?”

“ಛೇ, ಯಾರ ಮ್ಯಾಲಂತ ಅನ್ನಲಿ? ಶೀತಲ ಮೇಡಂ ಶ್ಯಾಣ್ಯಾರು, ಬುದ್ಧಿವಂತರು. ಆದ್ರ ಸಣ್ಣ ವಯಸ್ಸಿನಾಗ ದೊಡ್ಡ ಜವಾಬ್ದಾರಿ ಬಂದ್ರ ಹಿಂಗ ಆಗ್ತದ.”

‘ಮೇಡಂ’ ಅನ್ನುವಾಗ ಅವನ ತುಟಿ ಕಹಿ ನುಂಗಿದಂತಾಯಿತು. ಕೈಲಾಶನಿಗೆ ‘ಸಾಹೇಬ್ರೇ’ ಅನ್ನುವಾಗ ತನ್ನ ತುಟಿಯೂ ಹೀಗೇ ಆಗುತ್ತದೆಂದು ಸಿದ್ದೇಶ್ವರಿಗೆ ಗೊತ್ತಿತ್ತು. ಆದರೆ ಹೊಟ್ಟೆಕಿಚ್ಚು ಪಂಚನಾಮೆಯಲ್ಲಿ ಬರೆಯುವಂಥ ಸಾಕ್ಷಿಯಲ್ಲ.

ಹೆಡ್ ಕಾನ್‌ಸ್ಟೇಬಲ್ ಏಜಾಜ ಸಂಜೆವರೆಗೆ ಕೊಳಾರ ಕೈಗಾರಿಕಾ ಪ್ರದೇಶದ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ ಬರಿಗೈಲಿ ಬಂದ. ಗುಜರಿ ಕಳ್ಳನಾದರೆ ಬೆಲೆಬಾಳುವ ಸೀಸದ ಇಟ್ಟಿಗೆ ಬಿಡುತ್ತಿರಲಿಲ್ಲ. ಏನೂ ತಿಳಿಯದವನಾದರೆ ಚಿಮಟ ಒಯ್ಯುತ್ತಿರಲಿಲ್ಲ. ಒಯ್ದವನಿಗೆ ಆ ವಸ್ತುವಿನ ಭಯ ಗೊತ್ತು, ಅದನ್ನು ಹಿಡಿಯುವ ರೀತಿಯೂ ಗೊತ್ತು.

ಮಂಗಳವಾರ ಕೈಲಾಶನ ಒತ್ತಾಯಕ್ಕೆ ಭಾಲ್ಕಿಯಲ್ಲಿ ಶೀತಲಳ ಮನೆ ಶೋಧಿಸಬೇಕಾಯಿತು. ಪ್ರೊಫೆಸರ್ ಅಜೀಜ ಮೀಟರ್ ಹಿಡಿದು ಕೋಣೆ ಕೋಣೆ ತಿರುಗಿದರು. ಏನೂ ಸಿಗಲಿಲ್ಲ. ಪೊಲೀಸರು ಮಗಳ ಹಾಸಿಗೆ ಕೊಡವುವುದನ್ನು ನೋಡಿ ತಾಯಿ ಅಂಜನಾಬಾಯಿಗೆ ತಡೆಯಲಾಗಲಿಲ್ಲ.

“ಶನಿವಾರ ನಿನಗ ಜ್ವರ ಬಂದಾಗ ಅಶೋಕ ಸರ್ ಚಾವಿ ಒಯ್ದಿದ್ರಲ್ಲ, ಅದನ್ನ ಯಾಕ ಹೇಳವಲ್ಲಿ?”

“ಅವ್ವಾ, ಸುಮ್ಕಿರು!”

ಸಿದ್ದೇಶ್ವರಿ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದಳು. “ಹೇಳ್ರಿ.”

“ಹುಡುಗರ ಪ್ರಾಕ್ಟಿಕಲ್ ಅದ, ನಾ ಮಾಡಸ್ತೇನಿ ಅಂದ್ರು. ರವಿವಾರ ಸಂಜೀಕ ಚಾವಿ ತಂದುಕೊಟ್ರು. ಬ್ಯಾರೆಯವರ ಕೈಯಾಗ ಚಾವಿ ಕೊಡೂದೇ ತಪ್ಪುರಿ. ಕೊಟ್ಟೇನಿ ಅಂದ್ರ ಗುರುವಾರ ನನ್ನ ಒಳಗ ಬಿಡಂಗಿಲ್ಲ. ಮತ್ತ ಸರ್ ಹೆಸರು ಹ್ಯಾಂಗ ಹೇಳಲಿ? ನನಗ ಮೀಟರ್ ಹಿಡಿಯೂದು ಕಲಿಸಿದವರೇ ಅವರು.”

“ನಾ ಇದನ್ನ ಬರಕೋಬೇಕಾಗ್ತದ. ಬರೀಲಿಲ್ಲಂದ್ರ ನಿಮ್ಮನ್ನೇ ಒಳಗ ಹಾಕಬೇಕಾಗ್ತದ.”

ಪೊಲೀಸರು ಕೊಡವಿ ಬಿಟ್ಟ ಹಾಸಿಗೆಯನ್ನು ಶೀತಲ ಮಡಚಿಟ್ಟಳು. ಆಮೇಲೆ “ಬರಕೋರಿ” ಅಂದಳು. ಹೇಳಿಕೆಯನ್ನು ಓದಿ ಸಹಿ ಹಾಕಿದಳು.

ಬುಧವಾರ ಬೆಳಿಗ್ಗೆ ಜೀಪು ಔರಾದ ದಾಟಿ ಡಾಬಕಾಕ್ಕೆ ಹೋಯಿತು. ಮಾಲು ಸಿಕ್ಕರೆ ಗುರುತಿಸಲು ಶೀತಲ, ಎತ್ತಲು ಪ್ರೊಫೆಸರ್ ಜೊತೆಗಿದ್ದರು. ಅಶೋಕಕುಮಾರನ ಅಣ್ಣ ಧೊಂಡಿಬಾ ಊರ ಹೊರಗೆ ಕುರಿ ಮೇಯಿಸುತ್ತಿದ್ದ.

“ತಮ್ಮ ಬಂದಿದ್ನೇನು?” ಕೇಳಿದಳು ಸಿದ್ದೇಶ್ವರಿ.

“ಬಂದಿದ್ದರಿ, ರವಿವಾರ. ಅವನ ತಲಿ ನೆಟ್ಟಗಿದ್ದಿಲ್ಲ. ಹೊಲದಾಗಿನ ಹಳೀ ಕ್ವಾಣಿಗಿ ಕೀಲಿ ಹಾಕಿ, ಸುತ್ತ ಹಗ್ಗ ಬಿಗದು, ಕುರಿ ಈ ಕಡಿ ತರಬ್ಯಾಡ, ನೀನೂ ನೆಳ್ಳಿಗಿ ಕೂಡಬ್ಯಾಡ ಅಂತ ಆಣಿ ಹಾಕ್ಸಿ ಹೋದ. ಯಾಕೋ ಅಂದ್ರ ಮಾತಿಲ್ಲ.”

ಕೋಣೆ ಹೊಲದ ನಡುವಿತ್ತು. ನಾಲ್ಕೂ ಕಡೆ ಗೂಟ ನೆಟ್ಟು, ಗೋಡೆಯಿಂದ ಸರಿಯಾದ ಅಂತರ ಬಿಟ್ಟು ಹಗ್ಗ ಬಿಗಿದಿತ್ತು. ಬಾಗಿಲ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಹಳದಿ ಬಣ್ಣದಲ್ಲಿ ಮೂರೆಲೆಯ ವಿಕಿರಣ ಗುರುತು. ಏಜಾಜ ಬಾಯಿ ತೆರೆದು ನಿಂತ. “ಕದ್ದ ಮಾಲಿಗಿ ಬೋರ್ಡ್ ಹಚ್ಚಿದ ಕಳ್ಳನ್ನ ನನ್ನ ಸರ್ವಿಸಿನಾಗ ಇದೇ ಮೊದಲ ನೋಡ್ಲಾಕತ್ತೇನ್ರಿ.”

ಶೀತಲ ಹಗ್ಗದ ಹೊರಗೇ ನಿಂತಳು. ಪ್ರೊಫೆಸರ್ ಕೈಯ ಮೀಟರ್ ಟಿಕಟಿಕ ಅನ್ನತೊಡಗಿತು. “ಮದಲ ಹಗ್ಗ ಕಟ್ಟು, ಆಮ್ಯಾಲೆ ಮುಂದಿನ ಕೆಲಸ ಅಂತ ಸರ್ ನಮಗ ಬೈದು ಬೈದು ಕಲಿಸ್ಯಾರ,” ಅಂದವಳು ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಕೋಣೆಯ ಬೀಗ ಒಡೆದು ನೋಡಿದಾಗ ಕೋಬಾಲ್ಟ್ ಡಬ್ಬಿಯೊಳಗೆ ಸುರಕ್ಷಿತವಾಗಿತ್ತು. ಚಿಮಟ ಪಕ್ಕದಲ್ಲೇ ಇತ್ತು. ಪಂಚರ ಮುಂದೆ ಜಪ್ತಿ ಮಾಡಲಾಯಿತು.

ಸಂಜೆ ಅಶೋಕಕುಮಾರನನ್ನು ವಿಭಾಗದಿಂದಲೇ ಕರೆತಂದರು.

“ಡಾಬಕಾದಾಗ ಹಗ್ಗ ಯಾಕ ಕಟ್ಟಿದ್ರಿ?”

“ಕುರಿ ಬರ್ತಾವರಿ. ಅಣ್ಣ ಅಲ್ಲೇ ಬಂದು ಕೂಡ್ತಾನ.”

“ಹಲಗಿ?”

“ಗುರುತು ಹಾಕಲಾರದ ಸೋರ್ಸ್ ಇಡಬಾರದ್ರಿ.” ಪಾಠ ಹೇಳುವ ದನಿಯಲ್ಲೇ ಹೇಳಿ ಮುಗಿಸಿದ. ಆಮೇಲಷ್ಟೇ ತಾನೇನು ಹೇಳಿದೆನೆಂದು ಅವನಿಗೆ ಹೊಳೆಯಿತು.

“ನಿಮ್ಮ ಅರ್ಜಿ ಮದಲೇ ಬಿದ್ದದ. ಇದರಿಂದ ನಿಮಗೇನು ಸಿಗ್ತಿತ್ತು?”

“ನನಗೇನೂ ಸಿಗ್ತಿದ್ದಿಲ್ಲ.”

“ಮತ್ತ?”

“ಆಕಿಗಿ ಸಿಗಬಾರದಿತ್ತು.” ಅವನು ಅಂಗೈ ನೋಡುತ್ತ ಕೂತ. “ಗ್ರಾಫ್ ಎಳೀಲಾಕ ಬರ್ತಿದ್ದಿಲ್ರಿ ಆಕಿಗಿ. ರಾತ್ರಿಯೆಲ್ಲ ಕೂತು ನಾ ತಿದ್ದಿಕೊಟ್ಟೇನಿ. ಬ್ಯಾರೆಯವರಿಗಿ ತಿದ್ದೂದ್ರಾಗೇ ನನ್ನ ಪಿಎಚ್‌ಡಿ ಉಳೀತು. ಈಗ ಆಕಿ ಹೆಸರಿನ ಬೋರ್ಡು ಬರೆಸಬೇಕಾದ್ರ ಪೇಂಟರ್ ಯಾರು ಛಲೋ ಅದಾನ ಅಂತ ವಿಭಾಗದಾಗ ನನ್ನೇ ಕೇಳ್ಯಾರ. ಇನ್ನ ಇಂಟರ್‌ವ್ಯೂನೇ ಆಗಿಲ್ಲ! ಅದು ಮುಗೀಲಿ, ಮತ್ತ ತಂದಿಡಬೇಕಂತಿದ್ದೆ. ಯಾರಿಗೂ ತ್ರಾಸ ಆಗಬಾರದಂತ ಎಲ್ಲಾ ಕಾಳಜಿ ಮಾಡೇನ್ರಿ.”

“ಶೀತಲಗ ತ್ರಾಸ ಆಗಲಿಲ್ಲೇನು?”

ಏಳು ಗಂಟೆಗೆ ಬಂಧನ ದಾಖಲಾಯಿತು. ಕೊಟ್ಟ ಊಟವನ್ನು ಅವನು ಮುಟ್ಟಲಿಲ್ಲ. ಸಿದ್ದೇಶ್ವರಿಗೆ ಗೆದ್ದ ಖುಷಿಯೇ ಬರಲಿಲ್ಲ. ಬಯ್ಯಬೇಕೆಂದರೂ ಬಾಯಿ ಬರಲಿಲ್ಲ, ಅವನ ಉರಿ ಆಕೆಗೆ ಅಷ್ಟು ಪರಿಚಿತವಾಗಿತ್ತು.

ಗುರುವಾರ ನ್ಯಾಯಾಲಯ ಎರಡು ದಿನ ಪೊಲೀಸ್ ಕಸ್ಟಡಿಗೆ ಕೊಟ್ಟಿತು. ಸಂಜೆ ಸಿದ್ದೇಶ್ವರಿಯ ಎದುರಿಗೆ ಏಜಾಜ ಲಾಕಪ್ಪಿನೊಳಗೆ ತಟ್ಟೆ ಇಟ್ಟಾಗ ಅಶೋಕಕುಮಾರ ಮೊದಲ ಸಲ ತಾನಾಗಿ ಬಾಯಿ ಬಿಟ್ಟ.

“ಮೇಡಂ, ಇಂಟರ್‌ವ್ಯೂ ಆತೇನ್ರಿ?”

“ಆತು.”

“ಶೀತಲಗ?”

“ಒಳಗೇ ಕರೀಲಿಲ್ಲ. ಚಾವಿ ನಿಮ್ಮ ಕೈಯಾಗ ಕೊಟ್ಟದ್ದಕ್ಕ ಹೆಸರು ತಗದ್ರು.”

ಅವನು ತಲೆ ತಗ್ಗಿಸಿದ. ಅಳುತ್ತಾನೇನೋ ಅಂದುಕೊಂಡಳು ಸಿದ್ದೇಶ್ವರಿ.

“ಹಂಗಾದ್ರ ಯಾರಿಗಾತ್ರಿ?”

“ಹೈದರಾಬಾದ್ ಕಡಿ ಒಬ್ಬ ಹುಡುಗಗ. ನಿಮ್ಮ ಅರ್ಧ ವಯಸ್ಸಿನಾಂವ.”

“ಹೌದಾ? ಶ್ಯಾಣ್ಯಾ ಇರಬೇಕು,” ಅಂದ ಅಶೋಕಕುಮಾರ.

ಆ ದನಿಯಲ್ಲಿ ಉರಿಯ ಸುಳಿವೇ ಇರಲಿಲ್ಲ. ಮುಖ ನೋಡದ ಆ ಹುಡುಗನ ಮೇಲೆ ಅವನಿಗೆ ಎಳ್ಳಷ್ಟೂ ಸಿಟ್ಟಿರಲಿಲ್ಲ. ತಟ್ಟೆಯನ್ನು ಹತ್ತಿರ ಎಳೆದುಕೊಂಡು, ರೊಟ್ಟಿ ಮುರಿದು, ಪಲ್ಯ ಹಚ್ಚಿಕೊಂಡು ಒಂದು ಚೂರೂ ಬಿಡದೆ ಉಂಡ.