ಪಟ್ಟಿ ಹಚ್ಚಿದ ಸಲೈನ್ ಬಾಟಲಿ

1999ರ ಸೆಪ್ಟೆಂಬರ್ 18, ಶನಿವಾರ. ಸಂಜೆ ಏಳೂಕಾಲಿಗೆ ಮೂಡಲಗಿ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿ ಬಂದ ಆಬಾಸಾಹೇಬನ ಬಿಳಿ ಅಂಗಿ ಮೊಣಕೈವರೆಗೆ ರಕ್ತವಾಗಿತ್ತು. ಅವನ ಬೆನ್ನಿಗೆ ಮೂವತ್ತು ಮಂದಿ. ಅರ್ಧದಷ್ಟು ಜನ ಅವನ ಹೆಂಡತಿ ರಾಜಮತಿಯ ತವರು ಹುಕ್ಕೇರಿಯಿಂದ ಅವಳನ್ನು ನೋಡಲೆಂದು ಟ್ರ್ಯಾಕ್ಸ್ ಜೀಪಿನಲ್ಲಿ ಬಂದವರು.

"ನರ್ಸ್ ನನ್ನ ಹೆಂಡ್ತಿನ್ನ ಕೊಂದಾಳ್ರಿ. ಬರಕೋರಿ."

ಸಬ್ ಇನ್ಸ್‌ಪೆಕ್ಟರ್ ಬಸವಣ್ಣೆಪ್ಪ ಪೆನ್ನು ಕೆಳಗಿಟ್ಟರು. "ಈ ರಕ್ತ ಯಾರದು?"

"ಆ ನರ್ಸಂದ. ಮಂದಿ ಹೊಡದ್ರು. ನಾ ಬಿಡಸಾಕ ಹೋಗಿದ್ನಿ."

ದೂರು ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೇಬಲ್ ದಾಕ್ಷಾಯಿಣಿ ತಲೆ ಎತ್ತಿದಳು. ತೋಳಿನ ಮಡಿಕೆಯಲ್ಲಿ ರಕ್ತದ ಜೊತೆ ಬಿಳಿ ಬಣ್ಣದ ಚಕ್ಕೆಗಳು ಅಂಟಿದ್ದವು. ಹೇಳಿದರೆ ನಗುತ್ತಾರೇನೋ ಎಂದು ಒಂದು ಗಳಿಗೆ ಅಳುಕಿದಳು. ಆಮೇಲೆ ಮೆಲ್ಲಗೆ ಅಂದಳು: "ಸಾಹೇಬ್ರ, ಅಂಗಿ ಜಪ್ತಿ ಮಾಡೂಣ್ರಿ."

ಎಫ್‌ಐಆರ್ ಎರಡಾದವು. ಮೊದಲನೆಯದು, ನಿರ್ಲಕ್ಷ್ಯದಿಂದ ಸಾವು. ಆರೋಪಿ ನರ್ಸ್ ಲಕ್ಕವ್ವ. ಎರಡನೆಯದು, ಆಕೆಯ ಮೇಲೆ ಹಲ್ಲೆ. ಆರೋಪಿ ಅಪರಿಚಿತ ಗುಂಪು. ದವಡೆ ಎರಡು ಕಡೆ ಮುರಿದ ಲಕ್ಕವ್ವನನ್ನು ಆಗಲೇ ಗೋಕಾಕಿನ ಸರ್ಕಾರಿ ಆಸ್ಪತ್ರೆಗೆ ಸಾಗಿಸಲಾಗಿತ್ತು.

"ಬೆಳಿಗ್ಗೆ ನೀ ಅಲ್ಲಿ ಕಾವಲು," ಎಂದರು ಬಸವಣ್ಣೆಪ್ಪ. "ಆಕಿ ಎದ್ದ ಕೂತ್ರ ಅರೆಸ್ಟ್ ಮಾಡೂದ. ಇಲ್ಲಾಂದ್ರ ಹೊರಗಿನ ಮಂದಿ ನಮ್ಮನ್ನ ಬಿಡೂದಿಲ್ಲ."

ಅದೇ ರಾತ್ರಿ ಎಂಟು ಗಂಟೆಗೆ ಸ್ಥಳ ಪಂಚನಾಮೆ. ಆ ಚಿಕ್ಕ ಖಾಸಗಿ ಆಸ್ಪತ್ರೆಯ ಕಿಟಕಿಗಳಲ್ಲಿ ಒಂದು ಗಾಜೂ ಉಳಿದಿರಲಿಲ್ಲ. ರಾಜಮತಿ ಇದ್ದ ಕೋಣೆಯ ಗೋಡೆಗೆ ಆಳೆತ್ತರದವರೆಗೆ ರಕ್ತ ಚಿಮ್ಮಿತ್ತು. ಮಂಚದ ಕೆಳಗೆ ಎರಡು ಹಲ್ಲು. ಸಲೈನ್ ತೂಗುಹಾಕುವ ಬಿಳಿ ಬಣ್ಣದ ಕಬ್ಬಿಣದ ಸ್ಟ್ಯಾಂಡು ನಡುವಿಗೆ ಬಾಗಿ ಬಿದ್ದಿತ್ತು, ಅದರ ಕೊಕ್ಕೆಗೆ ಕೂದಲು ಸಿಕ್ಕಿಕೊಂಡಿತ್ತು. ದಾಕ್ಷಾಯಿಣಿ ಕಣ್ಣು ತಪ್ಪಿಸಿದಾಗ ಮೂಲೆಯಲ್ಲಿ ಖಾಲಿ ಸಲೈನ್ ಬಾಟಲಿ ಕಂಡಿತು. ಅದರ ಉದ್ದಕ್ಕೂ ಬಿಳಿ ಪ್ಲಾಸ್ಟರ್ ಪಟ್ಟಿ, ಪಟ್ಟಿಯ ಮೇಲೆ ಪೆನ್ನಿನ ಗೀಟು: 5, 6, 7, ಹೀಗೆ 11ರವರೆಗೆ.

"ರಕ್ತ ಬಿಟ್ಟು ಖಾಲಿ ಬಾಟ್ಲಿ ಎಣಸಾಕತ್ತಿ ಏನವಾ? ಗುಜರಿಗೆ ಹಾಕ್ತೀ?" ಹೆಡ್ ಕಾನ್‌ಸ್ಟೇಬಲ್ ಮಾಯಪ್ಪ ನಕ್ಕ.

ದಾಕ್ಷಾಯಿಣಿ ಬಾಟಲಿಯನ್ನು ಪಂಚನಾಮೆಗೆ ಸೇರಿಸಿದಳು.

ಡಾಕ್ಟರ್ ಸತ್ಯಪ್ಪ ಹಿಂದಿನ ಮನೆಯಲ್ಲಿ ಅಗಳಿ ಹಾಕಿಕೊಂಡು ಕುಳಿತಿದ್ದರು.

"ಆ ನರ್ಸ ಸಲೈನ್ ಜೋರ ಬಿಟ್ಟಾಳ್ರಿ. ಸಾವಕಾಶ ಹೋಗಲಿ ಅಂತ ನಾ ಬರದಿದ್ನಿ."

"ಏನ ಇತ್ತು ಬಾಟ್ಲಿಯಾಗ?" ಬಸವಣ್ಣೆಪ್ಪ ಕೇಳಿದರು.

"ಪೊಟ್ಯಾಶಿಯಂ. ರಕ್ತದಾಗಿನ ಒಂದ ಉಪ್ಪು. ಜೈನರ ಪರ್ವದ ಹತ್ತ ದಿನದ ಉಪವಾಸ ಹಿಡದಿದ್ರು, ಐದನೇ ದಿನಕ್ಕ ಅದು ಇಳದಿತ್ತು. ಇಳದ್ರ ಹೃದಯ ತಾಳ ತಪ್ಪತೈತಿ. ಒಮ್ಮೆಲೆ ತುಂಬಿದ್ರ ನಿಂತ ಹೋಗತೈತಿ."

"ಇಳದೈತಿ ಅಂತ ಗುರ್ತ ಹಿಡದವ್ರು ಯಾರು?"

ಡಾಕ್ಟರ್ ನೆಲ ನೋಡಿದರು. "ಸಿಸ್ಟರ್."

ವಾರ್ಡಿನ ವಹಿಯಲ್ಲಿ ಲಕ್ಕವ್ವನ ದುಂಡನೆಯ ಅಕ್ಷರ. 'ಕಾಲು ಎತ್ತಲಾರರು. ಹೊಟ್ಟೆ ಉಬ್ಬರ. ನಾಡಿ ನಡುನಡುವೆ ತಪ್ಪುತ್ತಿದೆ. ವೈದ್ಯರಿಗೆ ತಿಳಿಸಿ ರಕ್ತ ಗೋಕಾಕಕ್ಕೆ ಕಳಿಸಿದೆ.' ಕೊನೆಯ ಸಾಲು: 'ಸಂಜೆ 5.40. ಹೆರಿಗೆ ಕೋಣೆಗೆ ಕರೆ. ಬಾಟಲಿ ಪಟ್ಟಿಯಂತೆ ಇಳಿಯುತ್ತಿದೆ. ನಳಿಕೆಯ ಹನಿ ಬಿಡುವ ಚಕ್ರ ಮುಟ್ಟಬಾರದೆಂದು ಮನೆಯವರಿಗೆ ಹೇಳಿದೆ.' ರಾಜಮತಿ ಸತ್ತದ್ದು 6.20ಕ್ಕೆ.

"ಸಾಹೇಬ್ರ, ಲಗೂ ಮುಗಸಾಕಿ ರಾತ್ರಿ ಹನ್ನೊಂದರ ಮಟ ತಾಸಿಗೊಂದ ಗೀಟ ಯಾಕ ಹಾಕ್ತಾಳ್ರಿ?" ಎಂದಳು ದಾಕ್ಷಾಯಿಣಿ.

ಬಸವಣ್ಣೆಪ್ಪ ಬಾಟಲಿಯನ್ನು ದೀಪಕ್ಕೆ ಹಿಡಿದು ಗೀಟುಗಳನ್ನು ಎಣಿಸಿದರು.

ಭಾನುವಾರ ಬೆಳಿಗ್ಗೆ ಒಂಬತ್ತು, ಗೋಕಾಕ. ಲಕ್ಕವ್ವನ ಮುಖ ಮುಖದಂತಿರಲಿಲ್ಲ. ದವಡೆಗೆ ತಂತಿ ಬಿಗಿದಿದ್ದರು, ಒಂದು ಕಣ್ಣು ಮುಚ್ಚಿಹೋಗಿತ್ತು. ಉಳಿದ ಕಣ್ಣು ದಾಕ್ಷಾಯಿಣಿಯ ಸೊಂಟದಲ್ಲಿದ್ದ ಬೇಡಿಯ ಮೇಲೆ ನೆಟ್ಟಿತು. ದಾಕ್ಷಾಯಿಣಿ ಅದನ್ನು ಬಿಚ್ಚಿ ಸ್ಟೂಲಿನ ಕೆಳಗಿಟ್ಟಳು.

"ಅಕ್ಕಾ, ಹನಿ ಹೆಂಗ ಬಿಟ್ಟಿದ್ರಿ?"

ಲಕ್ಕವ್ವನ ತೋರುಬೆರಳು ಮಂಚದ ಪಟ್ಟಿಯ ಮೇಲೆ ಬಡಿಯತೊಡಗಿತು. ದಾಕ್ಷಾಯಿಣಿ ಗಡಿಯಾರ ನೋಡುತ್ತ ಎಣಿಸಿದಳು. ನಿಮಿಷಕ್ಕೆ ಇಪ್ಪತ್ತೊಂದು. ಇನ್ನೊಂದು ನಿಮಿಷ ಎಣಿಸಿದಳು. ಇಪ್ಪತ್ತೊಂದೇ. ಡಾಕ್ಟರರ ಚೀಟಿಯಲ್ಲಿದ್ದದ್ದೂ ಅಷ್ಟೇ.

"ಹೆರಿಗಿ ಮುಗಿಸಿ ಬಂದಾಗ?"

ಲಕ್ಕವ್ವ ಬೆರಳು ಬಡಿಯಲಿಲ್ಲ. ಅಂಗೈಯನ್ನೇ ಬೋರಲು ಹಾಕಿದಳು. ಬಾಟಲಿ ಅಷ್ಟೂ ಸುರಿದುಹೋಗಿತ್ತು.

ಕೊಟ್ಟ ಕಾಗದದ ಮೇಲೆ ಬರೆದಳು: 'ಚಕ್ರ ಯಾರು ತಿರುವಿದ್ರಿ ಅಂತ ಕೇಳಿದೆ. ಮೊದಲ ಏಟು ರಾಜಮತಿಯವರ ಯಜಮಾನರದು. ಮಂದಿ ಆಮೇಲೆ.'

ಮಧ್ಯಾಹ್ನದೊಳಗೆ ರಾಜಮತಿಯ ಶವಪರೀಕ್ಷೆ, ದಹನ ಎರಡೂ ಮುಗಿದಿದ್ದವು. ನಾಲ್ಕು ಗಂಟೆಗೆ ಪೊಲೀಸರು ಆಬಾಸಾಹೇಬನ ಮನೆಗೆ ಹೋದರು. ಮಗಳು ತ್ರಿಶಲಾಳನ್ನು ದಾಕ್ಷಾಯಿಣಿ ಅಡುಗೆಮನೆಯಲ್ಲಿ ವಿಚಾರಿಸಿದಳು.

"ನಿನ್ನೆ ಸಂಜಿಕ ಎಲ್ಲಿದ್ದಿ?"

"ಐದೂವರಿ ಮಟ ಅವ್ವನ ಬಾಜೂ. ಆಮ್ಯಾಲ ಬಸದಿಗೆ ಹೋದ್ನಿ. ಬರೂದರಾಗ ಎಲ್ಲಾ ಮುಗದಿತ್ತು."

"ಕೋಣ್ಯಾಗ ಯಾರ ಉಳದ್ರು?"

"ಅಪ್ಪ ಒಬ್ನ. ಮಾವನ ಕಡೆಯವ್ರು ಹೊರಗ ಪಡಸಾಲ್ಯಾಗ ಇದ್ರು."

"ಅವ್ವ ಏನರ ಅಂದ್ಲೇನು?"

ತ್ರಿಶಲಾಳ ಕಣ್ಣು ಗೋಡೆಯ ಪಂಚಾಂಗದ ಕಡೆ ಹೋಯಿತು. ದಿನದಿನದ ಚೌಕದಲ್ಲೂ ಸೂರ್ಯಾಸ್ತದ ವೇಳೆ ಅಚ್ಚಾಗಿತ್ತು. ಹದಿನೆಂಟರ ಚೌಕಕ್ಕೆ 6.29, ಹತ್ತೊಂಬತ್ತಕ್ಕೂ ಅದೇ.

"ಹೊತ್ತ ಮುಳುಗಿದ ಮ್ಯಾಲ ಮೈಯಾಗ ಏನೂ ಹೋಗಬಾರದು, ನನ್ನ ವ್ರತ ಉಳಸ್ರಿ ಅಂತ ಅಪ್ಪನ ಕೈ ಹಿಡಕೊಂಡ್ಲು."

"ಸೂಜಿ ತಗಸಬಹುದಿತ್ತಲ್ಲ?"

"ತಗದ್ರ ಜೀವಕ್ಕ ಅಪಾಯ ಅಂದಿದ್ರು ಸಿಸ್ಟರ್. ತಗಿಯಾಕೂ ಬರೂದಿಲ್ಲ, ಇಡಾಕೂ ಬರೂದಿಲ್ಲ, ಹಂಗಾರ ಲಗೂನ…" ಹುಡುಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಪಡಸಾಲೆಯಲ್ಲಿ ಬಸವಣ್ಣೆಪ್ಪ ಜಪ್ತಿ ಮಾಡಿದ ಅಂಗಿಯನ್ನು ಚಾಪೆಯ ಮೇಲೆ ಹರವಿದ್ದರು.

"ಬಿಡಸಾಕ ಹೋದವ್ರ ತೋಳಿಗೆ ಸ್ಟ್ಯಾಂಡಿನ ಬಣ್ಣ ಹೆಂಗ ಹತ್ತಿತ್ರಿ?"

ಆಬಾಸಾಹೇಬ ಚಾಪೆಯ ಅಂಚನ್ನು ನೇರ ಮಾಡಿದ.

ದಾಕ್ಷಾಯಿಣಿ ಬಾಗಿಲಲ್ಲಿ ನಿಂತು ಕೇಳಿದಳು: "ಕಾಕಾ, ಚಕ್ರ ಎಷ್ಟ ಗಂಟೆಕ್ಕ ತಿರಿವಿದ್ರಿ?"

ಅವನು ತಿರುಗಿ ನೋಡಿದ. ಅವಳ ಹಿಂದೆ ಮಗಳಿದ್ದಳು.

"ಆರಕ್ಕ," ಎಂದ. "ಅಕಿ ಕಣ್ಣು ಕಿಟಕಿ ಮ್ಯಾಲ ಇತ್ತವ್ವಾ. ಬಿಸಲ ಕೆಂಪ ಆಗಾಕತ್ತಿತ್ತು. ಅದೊಂದ ಬಾಟ್ಲಿ ಒಳಗ ಹೋದ್ರ ಸಾಕು, ಜೀವಾನೂ ಉಳೀತೈತಿ, ವ್ರತಾನೂ ಉಳೀತೈತಿ ಅಂತ ತಿಳದ್ನಿ. ಎದಿ ಉರಿ ಅಂದ್ಲು. ಇನ್ನ ಸ್ವಲ್ಪ, ತಡಕೋ ಅಂದ್ನಿ."

"ನರ್ಸ್‌ನ ಯಾಕ ಹೊಡದ್ರಿ?"

"ಓಡಿ ಬಂದ್ಲು. ಯಾರ ತಿರಿವಿದ್ರಿ, ಯಾರ ತಿರಿವಿದ್ರಿ ಅಂತ ಒದರಿದ್ಲು. ಹುಕ್ಕೇರಿ ಮಂದಿ ಬಾಗಲಕ್ಕ ಬಂದಿದ್ರು. ಅಕಿ ಮೂರನೇ ಸಲ ಕೇಳಬಾರದಾಗಿತ್ತು."

"ಎಷ್ಟ ಏಟು?"

"ಎಣಿಸಿಲ್ಲ."

ಐದು ಐವತ್ತಕ್ಕೆ ಬಂಧನ. ಕೊಲೆಗೆ ಯತ್ನ, ಜೊತೆಗೆ ದುಡುಕಿನ ಕೃತ್ಯದಿಂದ ಸಾವು. ಠಾಣೆಗೆ ಬಂದವರೇ ಬಸವಣ್ಣೆಪ್ಪ ಮೊದಲ ಎಫ್‌ಐಆರ್‌ನಿಂದ ಲಕ್ಕವ್ವನ ಹೆಸರು ಕೈಬಿಡಲು ವರದಿ ಬರೆದರು. ಗೋಕಾಕಿಗೆ ಫೋನು ಮಾಡಿ ಕಾವಲು ತೆಗೆಸಿದರು. ಮಾಯಪ್ಪ ಆ ಖಾಲಿ ಬಾಟಲಿಗೆ ಬಟ್ಟೆ ಸುತ್ತಿ, ಅರಗಿನ ಮುದ್ರೆ ಒತ್ತಿ, ಕಪಾಟಿನಲ್ಲಿಟ್ಟ.

ವ್ರತ ಉಳಿಸಿಕೊಡುತ್ತೇನೆಂದು ಆಬಾಸಾಹೇಬ ಹೆಂಡತಿಗೆ ಕೈಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ ಎಂದು ಹೇಳಿಕೆಯಲ್ಲಿ ಬರೆಸಿದ.

ದಾಕ್ಷಾಯಿಣಿ ಲಾಕಪ್ಪಿನ ಸರಳುಗಳ ನಡುವೆ ಕಾಯಿಸಿ ಆರಿಸಿದ ನೀರಿನ ತಂಬಿಗೆ ನೀಡಿದಳು. ಅವನು ಮುಟ್ಟಲಿಲ್ಲ. ಒಳಗಿನಿಂದ ಆಕಾಶ ಕಾಣುತ್ತಿರಲಿಲ್ಲ.

"ಹೊತ್ತ ಮುಳುಗೇತೇನವ್ವಾ?"

ಅವಳು ಗಡಿಯಾರ ನೋಡಿದಳು. 6.22.

"ಇಲ್ರಿ. ಇನ್ನಾ ಏಳ ನಿಮಿಷ ಐತಿ," ಎಂದಳು. "ಅವಸರ ಮಾಡಬ್ಯಾಡ್ರಿ ಕಾಕಾ. ಸಾವಕಾಶ ಕುಡೀರಿ."