ಬಾಗಿಲ ಹಲಗೆ

"ಟೈಲರ್ ಅಂಗಡಿ ಅಂದ್ರೆ ಟೈಲರ್ ಅಂಗಡಿ. ಅದು ಹೇಗೆ ಚರ್ಚ್ ಆಗುತ್ತೆ?"

ಶಾಲೆಯ ಊಟದ ಬಿಡುವಿನಲ್ಲಿ ರಿಬ್ಬನ್ ತನ್ನ ಬಿಸ್ಕತ್ತಿನ ಪೊಟ್ಟಣವನ್ನು ಹಿಂದಕ್ಕೆ ಎಳೆದುಕೊಂಡಳು. ಸರಿಯಾದ ಉತ್ತರ ಬರುವ ತನಕ ಬಿಸ್ಕತ್ತು ಇಲ್ಲ ಅಂತ ಅದರ ಅರ್ಥ.

"ನಾನೆಲ್ಲಿ ಚರ್ಚ್ ಅಂದೆ? ಕೂಟ ಅಂದೆ," ಅಂದಳು ಬಟನ್. "ಭಾನುವಾರ ಸಂಜೆ ನಮ್ಮಮ್ಮನ ಅಂಗಡೀಲಿ ಎಲ್ಲರೂ ಸೇರ್ತಾರೆ. ಬೈಬಲ್ ಓದ್ತೀವಿ. ಆಮೇಲೆ ಜಗಳ ಆಡ್ತೀವಿ."

"ಜಗಳಾನಾ? ಬೈಬಲ್ ಇಟ್ಕೊಂಡು?"

"ಜಗಳ ಅಂದ್ರೆ... ಮಾತು. ಸ್ವಲ್ಪ ಜೋರು ಮಾತು."

ರಿಬ್ಬನ್ ಮೂಗು ಮುರಿದಳು. ಅವಳ ಎರಡು ಜಡೆಯ ರಿಬ್ಬನ್ನುಗಳು ಶಾಲೆ ಬಿಡುವ ಹೊತ್ತಿಗೂ ಬೆಳಿಗ್ಗೆ ಕಟ್ಟಿದ ಹಾಗೇ ಇರುತ್ತಿದ್ದವು. ಅದಕ್ಕೇ ಆ ಹೆಸರು. ಬಟನ್‌ಗೆ ಅವಳ ಹೆಸರು ಬಂದದ್ದು ಪುಟ್ಟ ಮಗುವಾಗಿದ್ದಾಗ. ಯಾರದೋ ಅಂಗಿಯ ಬಟನ್ ನುಂಗಿ, ಅಮ್ಮನನ್ನು ಆಸ್ಪತ್ರೆಗೆ ಓಡಿಸಿ, ಡಾಕ್ಟರ ಮುಂದೆ ಹಲ್ಲು ಬಿಟ್ಟು ನಕ್ಕಿದ್ದಳಂತೆ.

"ನಮ್ಮ ಚರ್ಚಿನಲ್ಲಿ ಗಂಟೆ ಇದೆ," ಅಂದಳು ರಿಬ್ಬನ್. "ಬಣ್ಣದ ಗಾಜಿನ ಕಿಟಕಿ ಇದೆ. ಪಾಸ್ಟರ್ ನಿಂತ್ಕೊಳ್ಳೋಕೆ ಎತ್ತರದ ಪೀಠ ಇದೆ. ಬಾಗಿಲ ಹತ್ರ ಹೋಗೋಕೇ ಎಷ್ಟೊಂದು ಮೆಟ್ಟಿಲು ಗೊತ್ತಾ? ನಿಮ್ಮಲ್ಲಿ ಏನಿದೆ?"

ಬಟನ್ ಮನಸ್ಸಿನಲ್ಲೇ ಅಂಗಡಿಯನ್ನೊಮ್ಮೆ ಸುತ್ತಿ ಬಂದಳು. ಹೊಲಿಗೆ ಮೆಷಿನ್ ಇತ್ತು. ಇಸ್ತ್ರಿ ಪೆಟ್ಟಿಗೆ ಇತ್ತು. ತಲೆಯಿಲ್ಲದ ಒಂದು ಗೊಂಬೆ ಇತ್ತು. ಇದನ್ನೆಲ್ಲ ಬಣ್ಣದ ಗಾಜಿನ ಎದುರು ಹೇಗೆ ಹೇಳುವುದು?

"ನಮ್ಮಲ್ಲೂ ಪೀಠ ಇದೆ," ಅಂದುಬಿಟ್ಟಳು. ಒಂದು ಸುಳ್ಳು ಬಾಯಿಂದ ಹಾರಿದ ಮೇಲೆ ಇನ್ನೊಂದು ತಾನೇ ಹಿಂದೆ ಓಡಿತು. "ಪಾಸ್ಟರೂ ಇದಾರೆ. ಕರೀ ಕೋಟು ಹಾಕ್ಕೋತಾರೆ."

"ಹೌದಾ? ಹಾಗಾದ್ರೆ ಈ ಭಾನುವಾರ ಬಂದು ನೋಡೇ ಬಿಡ್ತೀನಿ. ಸುಳ್ಳಾಗಿದ್ರೆ ಸೋಮವಾರ ಇಡೀ ಕ್ಲಾಸಿಗೆ ಹೇಳ್ತೀನಿ."

ರಿಬ್ಬನ್ ಬಿಸ್ಕತ್ತು ಕೊಟ್ಟಳು. ಬಟನ್ ಅದನ್ನು ತಿನ್ನದೆ ಜೇಬಿಗೆ ಹಾಕಿಕೊಂಡಳು.

ನಿಜ ಹೇಳಬೇಕೆಂದರೆ, ಕೂಟಕ್ಕೆ ಪಾಸ್ಟರ್ ಯಾರೂ ಇರಲಿಲ್ಲ. ದೊಡ್ಡ ಚರ್ಚಿನಲ್ಲಿ ಆರಾಧನೆ ನಡೆಯುವುದು ಭಾನುವಾರ ಬೆಳಿಗ್ಗೆ. ಆ ಹೊತ್ತಿಗೆ ನರ್ಸ್ ಅತ್ತೆ ವಾರ್ಡಿನಲ್ಲಿ ಓಡಾಡುತ್ತಿರುತ್ತಾಳೆ, ಗಾರೆ ಮಾವ ಯಾರದೋ ಗೋಡೆ ಕಟ್ಟುತ್ತಿರುತ್ತಾನೆ, ಬಟನ್‌ಳ ಅಪ್ಪ ಬಸ್ ಓಡಿಸುತ್ತಿರುತ್ತಾನೆ. ದುಡಿಯುವವರ ಭಾನುವಾರ ಸಂಜೆಗೇ ಶುರುವಾಗುವುದು. ಅದಕ್ಕೆ ಅವರು ಟೈಲರ್ ಅಂಗಡಿಯಲ್ಲಿ ದುಂಡಗೆ ಕೂತು, ಹೋದ ವಾರ ಕೆಂಪು ದಾರ ಇಟ್ಟ ಪುಟದಿಂದ ಮುಂದೆ ಓದುತ್ತಿದ್ದರು. ಅಲ್ಲಿ ಇದ್ದದ್ದು ಒಂದೇ ನಿಯಮ. ಓದಿದ್ದು ಯಾರಿಗೆ ಅರ್ಥ ಆಗಲಿಲ್ಲವೋ ಅವರು ಮೊದಲು ಮಾತಾಡಬೇಕು. ಅರ್ಥ ಆದವರು ಬಾಯಿ ಮುಚ್ಚಿಕೊಂಡು ಕಾಯಬೇಕು.

ಆದರೆ ರಿಬ್ಬನ್‌ಗೆ ತೋರಿಸಲು ನಿಯಮ ಸಾಲದು. ಪೀಠ ಬೇಕು.

ಭಾನುವಾರ ಅಮ್ಮ ಹೊಲಿದ ಯೂನಿಫಾರ್ಮುಗಳನ್ನು ಕೊಟ್ಟು ಬರಲು ಹೋದದ್ದೇ ತಡ, ಬಟನ್ ಸೊಂಟ ಕಟ್ಟಿ ನಿಂತಳು. ಸ್ಟೂಲು, ಬೆಂಚುಗಳನ್ನೆಲ್ಲ ಸಾಲಾಗಿ ಇಟ್ಟಳು. ಎಲ್ಲರ ಮುಖ ಒಳಗಿನ ಗೋಡೆಗೆ, ಬೆನ್ನು ಬಾಗಿಲಿಗೆ. ತಲೆಯಿಲ್ಲದ ಗೊಂಬೆಯನ್ನು ಪರದೆಯ ಹಿಂದೆ ನೂಕಿದಳು. ಕೆಟ್ಟುಹೋದ ಹೊಲಿಗೆ ಮೆಷಿನ್ನಿನ ಕಬ್ಬಿಣದ ಸ್ಟ್ಯಾಂಡನ್ನು ಮುಂದಕ್ಕೆ ಎಳೆದಳು. ಅದರ ಮೇಲೆ ಹಾಸಲು ಏನಾದರೂ ಬೇಕಲ್ಲ?

ಬಾಗಿಲ ಪಕ್ಕ ಗೋಡೆಗೆ ಒಂದು ದಪ್ಪ ಹಲಗೆ ಒರಗಿತ್ತು. ವಾರವಿಡೀ ಅದು ಅಲ್ಲೇ ಒರಗಿರುತ್ತಿತ್ತು. ಅದಕ್ಕೆ ಒಂದು ಕೆಲಸ ಇತ್ತು, ಆದರೆ ಆ ಹೊತ್ತಿನಲ್ಲಿ ಬಟನ್‌ಗೆ ಅದು ನೆನಪೇ ಆಗಲಿಲ್ಲ. ಏದುಸಿರು ಬಿಡುತ್ತ ಎಳೆದು ತಂದು ಸ್ಟ್ಯಾಂಡಿನ ಮೇಲೆ ಅಡ್ಡ ಹಾಕಿದಳು. ಬಿಳಿ ಲೈನಿಂಗ್ ಬಟ್ಟೆ ಹೊದಿಸಿ ಪಿನ್ನು ಚುಚ್ಚಿದಳು.

ಪೀಠ! ಥೇಟು ಪೀಠ!

ಮೊದಲು ಬಂದವನು ಗಾರೆ ಮಾವ. ಒಳಗೆ ಕಾಲಿಟ್ಟವನು ಹಾಗೇ ನಿಂತ.

"ತಪ್ಪಿ ಬೇರೆ ಅಂಗಡಿಗೆ ಬಂದ್ನಾ?"

"ಮಾವ, ಇವತ್ತೊಂದಿನ ನೀವು ಪಾಸ್ಟರ್."

"ನಾನಾ? ನಂಗೆ ಗೋಡೆ ಕಟ್ಟೋದು ಗೊತ್ತು ತಾಯಿ, ಉಪದೇಶ ಕಟ್ಟೋದು ಗೊತ್ತಿಲ್ಲ."

"ಏನೂ ಹೇಳೋದು ಬೇಡ. ಸುಮ್ನೆ ನಿಂತು ತಲೆ ಆಡ್ಸಿ. ನನ್ನ ಫ್ರೆಂಡ್ ಬರ್ತಿದಾಳೆ. ಪ್ಲೀಸ್ ಮಾವ, ಪ್ಲೀಸ್ ಪ್ಲೀಸ್."

ಮಾವನ ಮನಸ್ಸು ಗಾರೆಗಿಂತ ಬೇಗ ಕರಗುತ್ತಿತ್ತು. ಬಟನ್ ಗೂಟದಲ್ಲಿದ್ದ ಕರಿ ಕೋಟನ್ನು ತಂದು ಅವನಿಗೆ ತೊಡಿಸಿದಳು. ಅದು ಯಾರೋ ಗಿರಾಕಿಯದು, ಇನ್ನೂ ಅರ್ಧ ಹೊಲಿದದ್ದು.

"ಆಯ್!"

"ಏನಾಯ್ತು?"

"ಪಿನ್ನು! ಕಂಕುಳಲ್ಲಿ!"

"ಅಲ್ಲಾಡ್ಬೇಡಿ ಮಾವ. ಅಲ್ಲಾಡದೆ ಇದ್ರೆ ಚುಚ್ಚಲ್ಲ."

ಮಾವ ಅಲ್ಲಾಡಲಿಲ್ಲ. ಕಂಬದ ಹಾಗೆ ಸೆಟೆದು, ಉಸಿರು ಬಿಗಿಹಿಡಿದು ನಿಂತ. ನೋಡಿದವರಿಗೆ ಅದು ತುಂಬಾ ಗಂಭೀರವಾಗಿ ಕಾಣುತ್ತಿತ್ತು.

ರಿಬ್ಬನ್ ಬಂದಳು. ಸಾಲು ನೋಡಿದಳು, ಪೀಠ ನೋಡಿದಳು, ಕರಿ ಕೋಟು ನೋಡಿದಳು. ಅವಳ ಹುಬ್ಬು ಮೇಲೇರಿತು. "ಪರವಾಗಿಲ್ವೇ," ಅಂದು ಮೊದಲ ಸಾಲಿನಲ್ಲಿ ಕೂತಳು. ಬಟನ್‌ಗೆ ಮುಗಿಲು ಮೂರೇ ಗೇಣು ಅನ್ನಿಸಿತು.

ಅಷ್ಟರಲ್ಲಿ ಅಮ್ಮ ಬಂದಳು. ಗಿರಾಕಿಯ ಕೋಟು ಗಾರೆ ಮಾವನ ಮೈಮೇಲೆ ಕಂಡು ಅವಳ ಬಾಯಿ ತೆರೆಯಿತು. ರಿಬ್ಬನ್ ಎದ್ದು "ನಮಸ್ತೆ ಆಂಟಿ" ಅಂದಳು. ಅಮ್ಮನ ಬಾಯಿ ಮುಚ್ಚಿತು. ಆದರೆ ಬಟನ್ ಕಡೆಗೆ ಒಂದು ನೋಟ ಬಂತು. 'ಇವರೆಲ್ಲ ಹೋಗಲಿ, ನಿನಗೆ ಇದೆ' ಅನ್ನುವ ನೋಟ.

ಅಪ್ಪನ ಬಸ್ಸು ಇನ್ನೂ ಬಂದಿರಲಿಲ್ಲ. ನರ್ಸ್ ಅತ್ತೆ ಬಂದು ಹಿಂದಿನ ಸಾಲಿನಲ್ಲಿ ಕೂತು ಗೊಣಗಿದಳು. "ಇದೇನೇ ಇದು, ಒಬ್ಬರ ಬೆನ್ನು ಒಬ್ಬರು ನೋಡ್ಕೊಂಡು ಕೂರೋದು? ಇದೇನು ಬಸ್ಸಾ?"

"ಅತ್ತೆ, ಶ್ಶ್. ಓದ್ತಾ ಇದೀನಿ."

ಬಟನ್ ಪೀಠದ ಮೇಲೆ ಬೈಬಲ್ ಇಟ್ಟು, ಕೆಂಪು ದಾರದ ಪುಟ ಬಿಡಿಸಿ ಗಂಟಲು ಸರಿಮಾಡಿಕೊಂಡಳು. ಅವತ್ತಿನ ಕತೆ ಹೀಗಿತ್ತು: ಯೇಸು ಒಂದು ಮನೆಗೆ ಬಂದಿದ್ದಾನೆ. ಅವನ ಮಾತು ಕೇಳಲು ಊರಿಗೆ ಊರೇ ಅಲ್ಲಿ ಸೇರಿದೆ. ನಡೆಯಲಾಗದ ಒಬ್ಬನನ್ನು ನಾಲ್ಕು ಜನ ಹಾಸಿಗೆ ಸಮೇತ ಹೊತ್ತು ತರುತ್ತಾರೆ.

ಓದುತ್ತ ಓದುತ್ತ ಬಟನ್ ತಲೆಯೆತ್ತಿದಳು. ಬಾಗಿಲ ಆಚೆ ವಾಚ್ ತಾತ.

ಬೀದಿಯ ತುದಿಯಲ್ಲಿ ಗಡಿಯಾರ ರಿಪೇರಿ ಮಾಡುವ ತಾತ. ಅವನು ಬರುವುದು ದೊಡ್ಡ ಗಾಲಿಗಳ ಕುರ್ಚಿಯಲ್ಲಿ. ಕುರ್ಚಿಗೆ ಒಂದು ಸೈಕಲ್ ಬೆಲ್. ಪ್ರತಿ ವಾರ ಆ ಬೆಲ್ ಕೇಳಿದ ಕೂಡಲೇ ಯಾರಾದರೂ ಒಬ್ಬರು ಎದ್ದು, ಅಂಗಡಿಯ ಎತ್ತರದ ಹೊಸ್ತಿಲಿಗೆ ಹಲಗೆ ಇಳಿಜಾರಾಗಿ ಇಡುತ್ತಿದ್ದರು. ತಾತ ಸರ್ರನೆ ಒಳಗೆ ಬರುತ್ತಿದ್ದ. ಆ ಹಲಗೆ...

ಆ ಹಲಗೆ ಈಗ ಬಟನ್‌ಳ ಮೊಣಕೈ ಕೆಳಗಿತ್ತು.

ಓದು ನಡೆದಿದೆ ಅಂತ ತಾತ ಬೆಲ್ ಹೊಡೆಯಲಿಲ್ಲ. ಬೆನ್ನು ಹಾಕಿ ಕೂತ ಯಾರಿಗೂ ಅವನು ಕಾಣಲಿಲ್ಲ. ಮಾವನಿಗೆ ಕಂಡ, ಆದರೆ ಪಿನ್ನುಗಳ ಕೈದಿ ಅವನು. ಕಣ್ಣಲ್ಲೇ ಬಟನ್‌ಗೆ ಏನೋ ಹೇಳಲು ಒದ್ದಾಡುತ್ತಿದ್ದ. ತಾತ ಮಾತ್ರ ತುಟಿಯ ಮೇಲೆ ಬೆರಳಿಟ್ಟು, ನಕ್ಕು, ಕೈ ಬೀಸಿದ. ಓದು, ಓದು.

ಬಟನ್ ಓದಿದಳು. ಜನ ಎಷ್ಟು ಕಿಕ್ಕಿರಿದಿದ್ದರೆಂದರೆ ಬಾಗಿಲ ಹತ್ತಿರ ಕೂಡ ಜಾಗ ಇರಲಿಲ್ಲ. ಅವಳ ದನಿ ಸಣ್ಣಗಾಯಿತು. ಹಲಗೆ ತೆಗೆದರೆ ಪೀಠ ಹೋಯಿತು. ಪೀಠ ಹೋದರೆ ಸೋಮವಾರ ಇಡೀ ಕ್ಲಾಸು ನಗುತ್ತದೆ. ಬೇಗ ಬೇಗ ಓದಿ ಮುಗಿಸಿಬಿಟ್ಟರೆ? ತಾತನೇ ಓದು ಅಂದಿದಾನಲ್ಲ?

ಹೊರಗೆ ಒಂದು ಸ್ಕೂಟರ್ ಪೀಂ ಪೀಂ ಅಂತ ಬಡಿದುಕೊಂಡಿತು.

"ದಾರೀಲಿ ಯಾಕ್ರೀ ನಿಂತಿದೀರ? ಸರೀರಿ ಆ ಕಡೆ!"

ತಾತ ಎರಡೂ ಕೈಯಿಂದ ಗಾಲಿ ತಿರುಗಿಸಿ, ಚರಂಡಿಯ ಅಂಚಿಗೆ ಸರಿದ.

ಬಟನ್ ಓದುವುದನ್ನು ನಿಲ್ಲಿಸಿದಳು.

"ಮುಂದೆ ನಂಗೊತ್ತು," ಅಂದಳು ರಿಬ್ಬನ್. "ಛಾವಣಿ ಹತ್ತಿ, ಅದನ್ನ ಕಿತ್ತು, ಹಗ್ಗ ಕಟ್ಟಿ ಅವನನ್ನ ಕೆಳಗಿಳಿಸ್ತಾರೆ. ಓದು."

"ಇಲ್ಲ. ಹಲಗೆ ಬೇಕು." ಬಟನ್ ಬಿಳಿ ಬಟ್ಟೆಯನ್ನು ಸರಕ್ಕನೆ ಎಳೆದಳು. ಪಿನ್ನುಗಳು ಚೆಲ್ಲಾಪಿಲ್ಲಿಯಾದವು. ಜಾರಿದ ಬೈಬಲನ್ನು ಮಾವ ಹಿಡಿದುಕೊಂಡ. ಹಿಡಿದವನೇ "ಅಯ್ಯಯ್ಯಪ್ಪಾ!" ಅಂತ ಕೂಗಿ ಕೋಟು ಬಿಚ್ಚತೊಡಗಿದ.

"ನಾನು ಪಾಸ್ಟರ್ ಅಲ್ಲ ಪುಟ್ಟೀ," ಅಂದ ರಿಬ್ಬನ್‌ಗೆ. "ಗಾರೆ ಕೆಲಸದವನು. ಇನ್ನೊಂದು ನಿಮಿಷ ಇದರೊಳಗಿದ್ರೆ ಜರಡಿ ಆಗ್ತಿದ್ದೆ."

"ಇದು ಪೀಠಾನೂ ಅಲ್ಲ," ಅಂದಳು ಬಟನ್. ಅವಳ ಕಿವಿ ಕೆಂಪಾಗಿತ್ತು. "ನಾನು ಸುಳ್ಳು ಹೇಳ್ದೆ. ಇದು ವಾಚ್ ತಾತನ ಹಲಗೆ. ತಾತ ಹೊರಗಿದಾರೆ."

ಎಲ್ಲರೂ ತಿರುಗಿದರು. ನರ್ಸ್ ಅತ್ತೆ "ಅಯ್ಯೋ!" ಅಂತ ಎದ್ದಳು. ರಿಬ್ಬನ್ ಮೊದಲ ಸಾಲಿನಿಂದ ಎದ್ದು ಬಂದಳು. ಆಮೇಲೆ, ಯಾರೂ ಹೇಳದೆಯೇ ಹಲಗೆಯ ಒಂದು ಮೂಲೆ ಹಿಡಿದಳು. ಇನ್ನೊಂದು ಮೂಲೆಗೆ ಬಟನ್, ಆ ತುದಿಗೆ ಮಾವ ಮತ್ತು ಅತ್ತೆ. ಅಮ್ಮ ಸ್ಟೂಲುಗಳನ್ನು ಅತ್ತಿತ್ತ ನೂಕಿ ದಾರಿ ಮಾಡಿದಳು.

"ನಾಲ್ಕು ಜನ ಹೊತ್ತು ತರೋದು ನನ್ನನ್ನ ಅಲ್ವಾ?" ಅಂದ ತಾತ ಹೊರಗಿನಿಂದ. "ಹಲಗೇನ ಹೊತ್ತು ತರ್ತಿದೀರಲ್ರೋ!"

ಟ್ರಿಣ್ ಟ್ರಿಣ್ ಅಂತ ಬೆಲ್ ಹೊಡೆದು ಸರ್ರನೆ ಒಳಗೆ ಬಂದ. ಬಟನ್ ಅವನ ಕುರ್ಚಿಯ ಹಿಡಿ ಹಿಡಿದು ತಲೆ ತಗ್ಗಿಸಿದಳು.

"ತಾತ, ಸಾರಿ."

"ನಿಂದು ಬಿಡು. ಆ ಸ್ಕೂಟರ್‌ನವನ ಗಡಿಯಾರ ನನ್ನ ಹತ್ರಾನೇ ರಿಪೇರಿಗಿದೆ. ವಿಚಾರಿಸ್ಕೋತೀನಿ ಅವನನ್ನ."

ಎಲ್ಲರೂ ಗೊಳ್ಳೆಂದು ನಕ್ಕರು. ಸ್ಟೂಲುಗಳು ಮತ್ತೆ ದುಂಡಗಾದವು. ಬಟನ್ ಕತೆಯ ಉಳಿದ ಭಾಗವನ್ನು ಓದಿ ಮುಗಿಸಿದಳು. ಯೇಸು 'ಏಳು' ಅಂದ. ಹಾಸಿಗೆಯಲ್ಲಿ ಬಂದವನು ಎದ್ದು, ಹಾಸಿಗೆ ಸುತ್ತಿಕೊಂಡು ನಡೆದು ಹೋದ.

"ಯಾರಿಗೆ ಅರ್ಥ ಆಗಲಿಲ್ಲ?" ಅಂತ ಕೇಳಿದಳು ಅಮ್ಮ.

"ನಂಗೆ," ಅಂದ ಮಾವ. "ಆ ಛಾವಣೀನ ಆಮೇಲೆ ಯಾರು ಮುಚ್ಚಿದ್ರು? ಆ ಮನೆಯವರು ಏನಂದ್ರು? ಕಿತ್ತಿದ್ದು ಬರೆದವರು ಕಟ್ಟಿದ್ದು ಯಾಕೆ ಬರೆಯಲ್ಲ?"

"ನಂಗೂ ಅರ್ಥ ಆಗಲ್ಲ," ಅಂದ ತಾತ. ಈಗ ಅವನು ನಗುತ್ತಿರಲಿಲ್ಲ. "ಈ ಕತೆ ಬಂದಾಗೆಲ್ಲ ಜನ ನನ್ನ ಕಾಲು ನೋಡ್ತಾರೆ. ನಾನು ನೋಡೋದು ಆ ಬಾಗಿಲನ್ನ. ಅಲ್ಲಿ ನಿಂತಿದ್ದವರು ಒಂದು ಹೆಜ್ಜೆ ಸರಿದಿದ್ರೆ ಅವನು ಛಾವಣಿ ಹತ್ತಬೇಕಿತ್ತಾ? ನಂಗೆ ಛಾವಣಿ ಬೇಡಪ್ಪ. ಬಾಗಿಲು ಬೇಕು."

"ಅವರೇನು ಬೇಕಂತ ಮಾಡಿದ್ರಾ?" ಅಂದಳು ಅತ್ತೆ. "ಒಳಗಿನ ಮಾತು ಕೇಳ್ತಾ ನಿಂತಿದ್ರು. ಬೆನ್ನು ಹಿಂದೆ ಯಾರಿದಾರೆ ಅಂತ ಹೇಗೆ ಕಾಣಬೇಕು?"

"ತಿರುಗಿ ನೋಡಬೇಕು!"

"ಎಷ್ಟು ಸಲ ತಿರುಗೋದು?"

"ಎಷ್ಟು ಸಲ ಬೇಕೋ ಅಷ್ಟು ಸಲ!"

ಜೋರು ಮಾತು ಶುರುವಾಯಿತು. ಅದರ ನಡುವೆ ರಿಬ್ಬನ್ ಕೈ ಎತ್ತಿಕೊಂಡು ಕೂತಿದ್ದಳು. ಕ್ಲಾಸಿನಲ್ಲಿ ಎತ್ತುವ ಹಾಗೆ, ನೆಟ್ಟಗೆ.

"ಇಲ್ಲಿ ಕೈ ಎತ್ತಬೇಕಾಗಿಲ್ಲ," ಅಂತ ಪಿಸುಗುಟ್ಟಿದಳು ಬಟನ್. "ಕೇಳು."

"ದೊಡ್ಡವರನ್ನ? ಸುಮ್ನೆ ಹಾಗೇ?"

"ಹಾಗೇ."

ರಿಬ್ಬನ್ ಕೈ ಇಳಿಸಿದಳು. "ಮೇಲೆ ಹತ್ತಿಸ್ಲಾ ಅಂತ ಅವನನ್ನ ಯಾರಾದ್ರೂ ಕೇಳಿದ್ರಾ? ಹಗ್ಗದಲ್ಲಿ ಇಳಿಸುವಾಗ ಅವನಿಗೆ ಭಯ ಆಗಿರಲ್ವಾ?"

ತಾತ ತನ್ನ ಬೋಳುತಲೆಯನ್ನು ಎರಡು ಸಲ ಸವರಿಕೊಂಡ.

"ಈ ಕತೆ ನಾನು ಎಷ್ಟು ವರ್ಷದಿಂದ ಕೇಳ್ತಿದೀನಿ," ಅಂದ. "ಅವನನ್ನ ಕೇಳಿದ್ರಾ ಅಂತ ಒಬ್ರೂ ಕೇಳಿರಲಿಲ್ಲ."

"ಉತ್ತರ ಏನು ತಾತ?"

"ನಂಗೇನು ಗೊತ್ತು? ಬಾ, ಜಗಳ ಆಡೋಣ."

ಹೊರಡುವಾಗ ರಿಬ್ಬನ್ ಹಲಗೆಯ ಮೇಲೆ ಹತ್ತಿ ಇಳಿದು, ಮತ್ತೆ ಹತ್ತಿ ನೋಡಿದಳು. ಅವಳ ಒಂದು ರಿಬ್ಬನ್ ಬಿಚ್ಚಿ ಜೋತಾಡುತ್ತಿತ್ತು. ಅವಳಿಗೆ ಅದು ಗೊತ್ತೇ ಇರಲಿಲ್ಲ.

"ಮಾವ, ನಮ್ಮ ಚರ್ಚಿನ ಮೆಟ್ಟಿಲಿಗೆ ಎಷ್ಟು ಉದ್ದದ ಹಲಗೆ ಬೇಕಾಗುತ್ತೆ?"

ಮಾವ ಅಮ್ಮನ ಟೇಪನ್ನು ಕೊರಳಿಗೆ ಹಾಕಿಕೊಂಡ. "ಅಳೆದು ನೋಡಬೇಕಲ್ಲ!"

"ಮೊದಲು ಟೇಪ್ ಇಡು ಅಲ್ಲಿ," ಅಂದಳು ಅಮ್ಮ. "ಆಮೇಲೆ ಕೋಟಿನ ವಿಚಾರ ಮಾತಾಡೋಣ. ನೀನೂ ನಿಲ್ಲೇ ಬಟನ್, ಎಲ್ಲಿ ಓಡ್ತೀಯ?"

ಸೋಮವಾರ ಊಟದ ಬಿಡುವಿನಲ್ಲಿ, ಹೋದ ವಾರ ಇವರ ಮಾತು ಕೇಳಿಸಿಕೊಂಡಿದ್ದ ಹಿಂದಿನ ಬೆಂಚಿನವರು ಕಿಸಿಕಿಸಿ ನಗುತ್ತ ರಿಬ್ಬನ್ ಹತ್ತಿರ ಬಂದರು. "ಟೈಲರ್ ಅಂಗಡಿ ಚರ್ಚ್ ಹೇಗಿತ್ತೇ?"

ಬಟನ್ ಉಸಿರು ಬಿಗಿಹಿಡಿದಳು, ಪಿನ್ನಿನ ಕೋಟು ತೊಟ್ಟವಳ ಹಾಗೆ.

"ಚರ್ಚ್ ಅಲ್ಲ, ಕೂಟ," ಅಂದಳು ರಿಬ್ಬನ್. "ಜಗಳ ಆಡ್ತಾರೆ. ನನ್ನ ಪ್ರಶ್ನೆಗೆ ಯಾರಿಗೂ ಉತ್ತರ ಬರಲಿಲ್ಲ ಗೊತ್ತಾ?" ಬಿಸ್ಕತ್ತಿನ ಪೊಟ್ಟಣವನ್ನು ಬಟನ್ ಕಡೆಗೆ ತಳ್ಳಿದಳು.

ಮುಂದಿನ ಭಾನುವಾರ ಯಾರೂ ಬರುವ ಮೊದಲೇ ಬಟನ್ ಅಂಗಡಿಯಲ್ಲಿದ್ದಳು. ಸ್ಟೂಲುಗಳಿನ್ನೂ ಮೂಲೆಯಲ್ಲೇ ಇದ್ದವು. ಬೆಲ್ ಇನ್ನೂ ಕೇಳಿಸಿರಲಿಲ್ಲ. ಅವಳು ಮೊದಲು ಹಲಗೆಯನ್ನು ಎಳೆದು ತಂದು ಹೊಸ್ತಿಲಿಗೆ ಇಟ್ಟಳು. ಕಾಲಿಂದ ಒತ್ತಿ, ಅಲ್ಲಾಡುವುದಿಲ್ಲ ಅಂತ ನೋಡಿಕೊಂಡಳು. ಆಮೇಲೆ ತನ್ನ ಸ್ಟೂಲನ್ನು ಬೀದಿ ಕಾಣುವ ಹಾಗೆ, ಬಾಗಿಲಿಗೆ ಮುಖ ಮಾಡಿ ಹಾಕಿಕೊಂಡು ಕೂತಳು.