ಎಂಜಿನ್ನಿನ ಹಣೆಗೆ ಬೊಟ್ಟು

"ಮತ್ತೆ ನಿಂತೋಯ್ತು!"

ಸಿನಿಮಾ ಟೆಂಟಿನೊಳಗೆ ಕೂಗೆದ್ದಿತು. ಪರದೆಯ ಮೇಲೆ ಕುದುರೆ ಏರಿ ಹೊರಟಿದ್ದ ರಾಜ ಕುದುರೆಸಮೇತ ಮಾಯವಾಗಿದ್ದ. ಕತ್ತಲಲ್ಲಿ ಸಿಳ್ಳೆಯೋ ಸಿಳ್ಳೆ.

ನರಸಿ ಲಾಟೀನು ಹಿಡಿದು ಟೆಂಟಿನ ಹಿಂದಿದ್ದ ಬಸ್ಸಿಗೆ ಓಡಿದಳು. ಆ ಹಳೇ ಬಸ್ಸೇ ಅವರ ಮನೆ. ಮುಂದೆ ಅಪ್ಪನ ಡ್ರೈವರ್ ಸೀಟು, ನಡುವೆ ಅವ್ವನ ಪಾತ್ರೆಪಡಗ, ಹಾಸಿಗೆ, ನರಸಿಯ ಸ್ಲೇಟು. ಹಿಂದೆ ಸಿನಿಮಾಕ್ಕೆ ಕರೆಂಟು ಕೊಡುವ ಡೀಸೆಲ್ ಜನರೇಟರು. ಅವರು ಟೆಂಟು ಹಾಕಿದ್ದ ಅಮೃತೂರಿನ ಬಯಲಿಗೆ ಕರೆಂಟಿನ ಕಂಬ ಇನ್ನೂ ಬಂದಿರಲಿಲ್ಲ.

ಅಪ್ಪ ಸಿದ್ದಗಂಗಯ್ಯ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದ. ಡೀಸೆಲ್ಲು ಬೇಕಾದಷ್ಟಿತ್ತು. ಮುಚ್ಚಳ ಹಾಕಿ, ಹ್ಯಾಂಡಲ್ ತಿರುವಿದ. ಎಂಜಿನ್ನು ಗಡಗಡ ಎಂದು ಎದ್ದಿತು. ಟೆಂಟಿನಲ್ಲಿ "ಹೋ" ಎಂದರು. ರಾಜ ಊರು ಮುಟ್ಟುವಷ್ಟರಲ್ಲಿ ಅದು ಗುಕ್ ಗುಕ್ ಎಂದು ಬಿಕ್ಕಿ ಮತ್ತೆ ನಿಂತಿತು.

"ಫಿಲ್ಟರ್ ತೊಳ್ದಾಯ್ತು, ಪೈಪ್ ಊದ್ದಾಯ್ತು. ಇನ್ನೇನ್ಲಾ ಬೇಕು ನಿಂಗೆ?" ಅಪ್ಪ ಎಂಜಿನ್ನನ್ನೇ ಕೇಳಿದ.

ಆಯುಧಪೂಜೆಯ ಮಾರನೆಯ ದಿನದಿಂದ ಇದೇ ಗೋಳು. ಬಯಲಿನ ಒಡೆಯ ವೆಂಕಟರಂಗಯ್ಯ ಬೆಳಗ್ಗೆಯೇ ಬಂದು, "ನೋಡು ಸಿದ್ದಗಂಗಯ್ಯ, ಇವತ್ತೂ ಕೈಕೊಟ್ರೆ ನಾಳೆ ಟೆಂಟ್ ಕಿತ್ಕೊಂಡು ಹೊಂಟೋಗು" ಎಂದು ಹೇಳಿ ಹೋಗಿದ್ದ.

ಟೆಂಟು ಕಿತ್ತರೆ ನರಸಿಯ ಸ್ಕೂಲೂ ಕಿತ್ತ ಹಾಗೆ. ಗೂಳೂರಿನಲ್ಲಿ ಮಗ್ಗಿ, ಕೊತ್ತಗೆರೆಯಲ್ಲಿ ಮತ್ತೆ ಅದೇ ಮಗ್ಗಿ. ಎಲ್ಲೂ ವರ್ಷಪೂರ್ತಿ ಕೂತವಳಲ್ಲ. ಆಟ ಚೆನ್ನಾಗಿ ನಡೆದರೆ ಬೇಸಿಗೆಯವರೆಗೂ ಇಲ್ಲೇ ಇರೋಣ ಎಂದು ಅಪ್ಪ ಮಾತು ಕೊಟ್ಟಿದ್ದ. ಗೆಳತಿ ಕದರಮ್ಮನೂ, "ರಜ ಮುಗುದ್ಮೇಲೆ ನನ್ ಪಕ್ಕಾನೇ ಕೂತ್ಕೋಬೇಕು ಕಣೇ" ಎಂದಿದ್ದಳು. ನಾಳೆಯೇ ಸ್ಕೂಲು ತೆರೆಯುತ್ತಿತ್ತು.

ನರಸಿಯೇನು ಸುಮ್ಮನಿರಲಿಲ್ಲ. ಹಬ್ಬದ ದಿನ ಎಂಜಿನ್ನಿಗೆ ಬೊಟ್ಟಿಟ್ಟವಳು ಅವಳೇ. ಎಂಜಿನ್ನಿಗೆ ಹಣೆ ಎಲ್ಲಿ? ಎಲ್ಲಕ್ಕಿಂತ ಮೇಲಿರುವ ಟ್ಯಾಂಕಿನ ಮುಚ್ಚಳವೇ ಹಣೆ ಎಂದುಕೊಂಡು ಅಲ್ಲಿಗೆ ದಪ್ಪಗೆ ಗಂಧ ಬಳಿದು ಕುಂಕುಮ ಇಟ್ಟಿದ್ದಳು. ಅದು ಕೈಕೊಡಲು ಶುರುಮಾಡಿದ ಮೇಲೆ ದಿನಾ ಸಂಜೆ ಇನ್ನಷ್ಟು ಗಂಧ ಮೆತ್ತಿ, "ಇವತ್ತೊಂದಿನ ನಿಲ್ಬೇಡ ಕಣಪ್ಪ" ಎಂದು ಕೈ ಮುಗಿಯುತ್ತಿದ್ದಳು. ಪೂಜೆಯ ಬೊಟ್ಟು ಅಳಿಸಬಾರದೆಂದು ಅಪ್ಪ ಮುಚ್ಚಳದ ಅಂಚು ಹಿಡಿದೇ ತಿರುಗಿಸುತ್ತಿದ್ದ.

ಎಂಜಿನ್ನು ಮತ್ತೆ ಎದ್ದಿತು, ಮತ್ತೆ ನಿಂತಿತು. ಜನ ಬೈದುಕೊಂಡು ಎದ್ದು ಹೊರಟರು. ಟೆಂಟು ಬರಿದಾಯಿತು. ಅಪ್ಪ ಬಸ್ಸಿನ ಮೆಟ್ಟಿಲ ಮೇಲೆ ತಲೆಗೆ ಕೈಹೊತ್ತು ಕೂತ. ಅವನ ಮುಖ ನೋಡಲಾಗದೆ ನರಸಿ ಲಾಟೀನು ಕೆಳಗಿಟ್ಟಳು.

"ಏಳಿ, ಟೆಂಟ್ ಬಿಚ್ಚಾನ" ಎಂದಳು ಅವ್ವ ಭದ್ರಮ್ಮ.

"ಬಿಚ್ಚಾಕಾದ್ರೂ ಬೆಳಕು ಬೇಕಲ್ಲ."

ಅಪ್ಪ ಮುಚ್ಚಳ ತೆಗೆದು ಟ್ಯಾಂಕಿನೊಳಗೆ ಇಣುಕಿದ. "ಹಿಡ್ಕೋ ಮಗ" ಎಂದು ಅದನ್ನು ನರಸಿಯ ಕೈಗೆ ಕೊಟ್ಟು ಹ್ಯಾಂಡಲ್ ತಿರುವಿದ. ಎಂಜಿನ್ನು ಎದ್ದಿತು. ಮುಚ್ಚಳದ ಯೋಚನೆ ಇಲ್ಲದೆ ಹಗ್ಗ ಬಿಚ್ಚಲು ಹೊರಟುಹೋದ.

ಎಂಜಿನ್ನು ಓಡಿತು. ಓಡುತ್ತಲೇ ಇತ್ತು. ಹಗ್ಗವೆಲ್ಲ ಬಿಚ್ಚಿದರೂ ನಿಲ್ಲಲಿಲ್ಲ.

"ಜನ ಹೋದ್ಮೇಲೆ ಬುದ್ಧಿ ಬಂತು ನೋಡಿ ಇದ್ಕೆ!" ಎಂದಳು ಅವ್ವ.

ನರಸಿ ಕೈಯಲ್ಲಿದ್ದ ಮುಚ್ಚಳವನ್ನು ತಿರುಗಿಸಿ ನೋಡಿದಳು. ನಡುವೆ ಸೂಜಿ ತೂರುವಷ್ಟು ಸಣ್ಣ ತೂತು. ಅದರ ತುಂಬ ಅವಳೇ ಮೆತ್ತಿದ ಗಂಧ ಒಣಗಿ ಕೂತಿತ್ತು.

"ಅಪ್ಪಾ..."

ಅಪ್ಪ ಬಂದು ಮುಚ್ಚಳ ನೋಡಿದ. ಮಗಳನ್ನೂ ನೋಡಿದ. ಮುಚ್ಚಳವನ್ನು ಮತ್ತೆ ಟ್ಯಾಂಕಿಗೆ ಹಾಕಿ ಕಾದ. ಸ್ವಲ್ಪ ಹೊತ್ತಿಗೆ ಎಂಜಿನ್ನು ಬಿಕ್ಕಿ ನಿಂತಿತು. ಮುಚ್ಚಳ ಸಡಿಲಿಸಿದಾಗ ಗಾಳಿ ಉಸ್ಸೆಂದು ಒಳಗೆ ನುಗ್ಗಿತು.

"ಏನಾಗಿತ್ತು?" ದೂರದಿಂದಲೇ ಅವ್ವ ಕೇಳಿದಳು.

"ಗಾಳಿ ಆಡೋ ತೂತು ಕಟ್ಕೊಂಡಿತ್ತು. ಮೇಲಿಂದ ಗಾಳಿ ಹೋಗ್ದೆ ಡೀಸೆಲ್ಲು ಕೆಳಕ್ಕಿಳೀತಿರ್ಲಿಲ್ಲ."

"ಏನ್ ಕಟ್ಕೊಂಡಿತ್ತು?"

"ಕಸ ಕಣೇ, ಕಸ. ನಡಿ, ಗೂಟ ಕೀಳು."

ನರಸಿ ಲಾಟೀನು ಎತ್ತಿಕೊಂಡು ಅವರ ಹಿಂದೆ ಹೋದಳು.

ಬೆಳಗ್ಗೆ ಅಪ್ಪ ಹೋಗಿ, ಎಂಜಿನ್ನು ಸರಿಹೋಯಿತೆಂದು ಬೇಡಿದರೂ ವೆಂಕಟರಂಗಯ್ಯ ಒಪ್ಪಲಿಲ್ಲ. ಬಸ್ಸು ಕುಣಿಗಲ್ ದಾರಿ ಹಿಡಿಯಿತು. ಸ್ಕೂಲಿನ ಗಂಟೆ ಕೇಳಿಸಿತು. ಗೇಟಿನ ಹತ್ತಿರ ಕದರಮ್ಮ ಚೀಲ ತಗುಲಿಸಿಕೊಂಡು ಆಕಡೆ ಈಕಡೆ ನೋಡುತ್ತಾ ನಿಂತಿದ್ದಳು. ನರಸಿ ಹಿಂದಿನ ಕಿಟಕಿಯಿಂದ ಕೈ ಬೀಸಿದಳು. ಕದರಮ್ಮ ನೋಡಲಿಲ್ಲ.

ಅತ್ತು ಅತ್ತು ಸಾಕಾಗಿ ನರಸಿ ಎಂಜಿನ್ನಿನ ಕಡೆ ತಿರುಗಿದಳು. ಆ ಗಂಧವನ್ನೆಲ್ಲ ಕೆರೆದು ಎಸೆಯಬೇಕು ಎಂದು ಕೈ ಚಾಚಿದವಳು ಹಾಗೇ ನಿಂತಳು.

ಮುಚ್ಚಳದ ತೂತು ಶುಚಿಯಾಗಿತ್ತು. ಆದರೆ ಸುತ್ತ ಅವಳು ಬಳಿದ ಗಂಧ, ಇಟ್ಟ ಕುಂಕುಮ ಒಂದಿಷ್ಟೂ ಕದಡಿರಲಿಲ್ಲ. ಅಪ್ಪ ಪಿನ್ನಿನಿಂದ ಅಷ್ಟೇ ಅಷ್ಟು ಜಾಗ ಬಿಡಿಸಿಕೊಂಡು, ಉಳಿದ ಬೊಟ್ಟನ್ನು ಇದ್ದ ಹಾಗೇ ಉಳಿಸಿದ್ದ.

ನರಸಿ ಅದನ್ನು ತುಂಬಾ ಹೊತ್ತು ನೋಡಿದಳು. ಆಮೇಲೆ ಕುಲುಕಾಡುವ ಬಸ್ಸಿನಲ್ಲಿ ಪಾತ್ರೆ, ಹಾಸಿಗೆ ಎಲ್ಲ ದಾಟಿಕೊಂಡು ಮುಂದೆ ಹೋಗಿ, ಅಪ್ಪನ ಪಕ್ಕದಲ್ಲಿ ಕೂತಳು.